ಒಳಗೆ ಕೂರುವ ಮುಚ್ಚಳ

ಪ್ರೆಷರ್ ಕುಕ್ಕರ್ ಇಲ್ಲದ ಮನೆ ಈಗ ಅಪರೂಪ. ಆದರೆ ಅದರ ಮುಚ್ಚಳವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ‘ಎಂಥ ಚೆಂದದ ಯೋಚನೆ!’ ಎಂದವರನ್ನು ನಾನು ಹೆಚ್ಚು ಕಂಡಿಲ್ಲ. ಹಾಕಿನ್ಸ್ ಕುಕ್ಕರಿನ ಒಳಮುಚ್ಚಳ ಆ ಮೆಚ್ಚುಗೆಗೆ ಅರ್ಹ. ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ಮೇಲಾದ ವಿನ್ಯಾಸ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಕುಕ್ಕರಿನ ಬಾಯಿ ಪೂರ್ತಿ ದುಂಡಗಿಲ್ಲ, ತುಸು ಅಂಡಾಕಾರ. ಹಾಗಾಗಿಯೇ ಬಾಯಿಗಿಂತ ಹಿರಿದಾದ ಮುಚ್ಚಳವನ್ನು ಓರೆ ಮಾಡಿ ಒಳಗಿಳಿಸಿ, ತಿರುಗಿಸಿ, ಮೇಲೆತ್ತಿ ಅಂಚಿಗೆ ತಾಗಿಸಲು ಬರುತ್ತದೆ. ಹೊಸಬರಿಗೆ ಇದು ಕಸರತ್ತು ಅನ್ನಿಸಬಹುದು. ಕೈಗೆ ಕುದುರಿದ ಮೇಲೆ ಯೋಚಿಸುವ ಕೆಲಸವೇ ಇಲ್ಲ. ಒಲೆ ಹೊತ್ತಿಸಿ, ಒಳಗೆ ಆವಿ ಕಟ್ಟಿತೆಂದರೆ ಆ ಆವಿಯೇ ಮುಚ್ಚಳವನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ. ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಬಾಯಿಯ ಅಗಲ 18 ಸೆಂ.ಮೀ. ಎಂದಿಟ್ಟುಕೊಂಡರೆ ಒಟ್ಟು 250 ಕಿಲೋದಷ್ಟು ಬಲ! ಅದರ ವಿರುದ್ಧ ಮುಚ್ಚಳವನ್ನು ಕೆಳಗೆ ನೂಕಿ ತೆರೆಯುವುದು ಯಾರ ಕೈಯಲ್ಲೂ ಆಗದು. ಆವಿ ಇಳಿದ ಮೇಲೆ ಮುಚ್ಚಳ ತಾನಾಗಿ ಸಡಿಲವಾಗುತ್ತದೆ. ಯಾವುದರಿಂದ ಅಪಾಯವೋ ಅದನ್ನೇ ಕಾವಲಿಗೆ ನಿಲ್ಲಿಸಿದ್ದಾರೆ. ವಿಮಾನದ ಎಷ್ಟೋ ಬಾಗಿಲುಗಳು ಹಾರಾಟದಲ್ಲಿ ಭದ್ರವಾಗಿ ಕೂರುವುದೂ ಇದೇ ತತ್ತ್ವದಿಂದ.

ಮುಂಬೈಯಲ್ಲಿ ಎಚ್‌.ಡಿ. ವಾಸುದೇವ ಹಾಕಿನ್ಸ್ ಕಂಪನಿಯನ್ನು ಕಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನ ಎಲ್‌.ಜಿ. ಹಾಕಿನ್ಸ್ ಸಂಸ್ಥೆಯ ತಾಂತ್ರಿಕ ನೆರವಿನೊಂದಿಗೆ. ಟಿಟಿಕೆಯವರ ಪ್ರೆಸ್ಟೀಜ್ ಹಿಡಿದದ್ದು ಬೇರೆ ದಾರಿ: ಮುಚ್ಚಳ ಹೊರಗೆ ಕೂರುತ್ತದೆ, ಒತ್ತಡ ಮಿತಿಮೀರಿದರೆ ಅಂಚಿನ ಸೀಳಿನಿಂದ ಗ್ಯಾಸ್ಕೆಟ್ ಹೊರಚಾಚಿ ಆವಿಗೆ ದಾರಿ ಬಿಡುತ್ತದೆ. ಅದೂ ಜಾಣತನವೇ. ಆದರೆ ಅಲ್ಲಿ ಸುರಕ್ಷತೆಯನ್ನು ಆಮೇಲೆ ಸೇರಿಸಿದ್ದಾರೆ; ಇಲ್ಲಿ ಅದು ಆಕಾರದಲ್ಲೇ ಇದೆ. ನನ್ನ ಒಲವು ಎತ್ತ ಎಂದು ಹೇಳಬೇಕಿಲ್ಲ.

ಇನ್ನು ತಲೆಯ ಮೇಲಿನ ವೆಯಿಟ್. ಇದರ ಮೂಲ ಬಲು ಹಳೆಯದು. ರಾಬರ್ಟ್ ಬಾಯ್ಲ್‌ಗೆ ಸಹಾಯಕನಾಗಿದ್ದ ಫ್ರಾನ್ಸಿನ ಡೆನಿ ಪಪಾಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೂಳೆ ಮೆತ್ತಗಾಗುವಂತೆ ಬೇಯಿಸುವ ಪಾತ್ರೆಯೊಂದನ್ನು ತೋರಿಸಿದ. ಅದು ಸಿಡಿಯದಿರಲೆಂದು ಭಾರ ತೂಗುಹಾಕಿದ ಕವಾಟವನ್ನೂ ರೂಪಿಸಿದ. ನಮ್ಮ ವೆಯಿಟ್ ಅದರದೇ ಸಂತತಿ. ಸ್ಪ್ರಿಂಗ್ ಆಗಿದ್ದರೆ ಕಾಲಕ್ರಮೇಣ ಸೋಲುತ್ತಿತ್ತು, ಲೋಹದ ತುಂಡಿನ ತೂಕ ಎಲ್ಲಿಗೂ ಹೋಗುವುದಿಲ್ಲ. ಮೇಲಾಗಿ ಅದು ಕೂಗುತ್ತದೆ! ‘ಬೇಳೆಗೆ ಮೂರು ಕೂಗು, ಕಡಲೆಗೆ ಐದು’ ಎಂದು ಪಕ್ಕದ ಕೋಣೆಯಲ್ಲೇ ಕುಳಿತು ಎಣಿಸುವ ಸೌಕರ್ಯವನ್ನು ಯಾವ ಡಿಜಿಟಲ್ ಪರದೆಯೂ ನನಗೆ ಕೊಟ್ಟಿಲ್ಲ.

ಇಂಥ ವಸ್ತು ದಶಕಗಟ್ಟಲೆ ಬಾಳುವುದಕ್ಕೆ ಇನ್ನೊಂದು ಕಾರಣ, ಸವೆಯುವ ಭಾಗಗಳನ್ನೆಲ್ಲ ಬೇರೆಯಾಗಿ ಇಟ್ಟಿರುವುದು. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಹಿಡಿ ಮೂರೂ ಪಾತ್ರೆ ಅಂಗಡಿಯಲ್ಲಿ ಸಿಗುತ್ತವೆ. ಪಾತ್ರೆ ಹಾಗೇ ಉಳಿಯುತ್ತದೆ. ಬಣ್ಣ ಬಳಿದ, ಹೊಳಪಿನ ಹೊಸ ಮಾದರಿಗಳು ಬಂದಿವೆ. ಕೊಳ್ಳುವವರು ಕೊಳ್ಳಲಿ, ಬಿಡಿಭಾಗ ಸಿಗುತ್ತದೆಯೇ ಎಂದು ಮೊದಲು ಕೇಳಲಿ.

ವಿನ್ಯಾಸ ನಮ್ಮ ಪಾಲಿಗೆ ಬಿಟ್ಟ ಕೆಲಸ ಸ್ವಲ್ಪವೇ. ಬೇಳೆ ನೊರೆಯುಕ್ಕಿ ಆವಿಕೊಳವೆಗೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಬೇಳೆ, ಅಕ್ಕಿ ಹಾಕಿದಾಗ ನೀರೂ ಸೇರಿ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಮುಚ್ಚುವ ಮುನ್ನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಗ್ಯಾಸ್ಕೆಟ್ ಗಡುಸಾಗಿದ್ದರೆ ಇವತ್ತೇ ಬದಲಿಸಿ.