ಜಾತ್ರೆಯ ಅಂಗಡಿಯಲ್ಲಿ ಗಾಂಧಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪೇಟೆಗಳಲ್ಲಿ ‘ಶಾಸ್ತ್ರೀಯ ಸಂಗೀತ’ ಎಂದು ಬೋರ್ಡು ಹಾಕಿಕೊಂಡ ಕ್ಯಾಸೆಟ್ ಅಂಗಡಿಯನ್ನು ನಾನಂತೂ ಕಂಡಿಲ್ಲ. ಹಾಗಂತ ಆ ಸಂಗೀತ ಈ ಕಡೆ ಬರಲೇ ಇಲ್ಲ ಎಂದಲ್ಲ. ಬಂತು, ಭಕ್ತಿಗೀತೆಗಳ ಸಾಲಿನಲ್ಲಿ ಕೂತು ಬಂತು. ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಭರತ ಹುಣ್ಣಿಮೆ ಜಾತ್ರೆಗೆ ಹಾಕುತ್ತಿದ್ದ ಕ್ಯಾಸೆಟ್ ಅಂಗಡಿಗಳಲ್ಲಿ ಬಯಲಾಟ, ರಂಗಗೀತೆ, ಹಾಸ್ಯ, ತತ್ವಪದಗಳ ನಡುವೆ ವಚನಗಳದೂ ಒಂದು ಸಾಲು ಇರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಸಿಗುತ್ತಿದ್ದುದು ಅಲ್ಲಿ. ಭೀಮಸೇನ ಜೋಶಿಯವರ ‘ದಾಸವಾಣಿ’ ದಾಸರ ಪದಗಳ ಜೊತೆ. ಅದೇ ಹಾಡುಗಾರರ ಖ್ಯಾಲ್ ಬೇಕೆಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಿತ್ತು, ಅಲ್ಲಿಯ ಬೆಲೆಯೂ ಬೇರೆಯಿತ್ತು.

ಅಂದರೆ ನಮ್ಮ ಭಾಗದ ಸಂಗೀತಪ್ರಿಯರಿಗೆ ಅಗ್ಗ ಎನ್ನುವುದು ಹಬ್ಬದ ರಿಯಾಯಿತಿಯಿಂದ ಬಂದದ್ದಲ್ಲ, ಹಣೆಪಟ್ಟಿಯಿಂದ ಬಂದದ್ದು. ‘ವಚನ’ ಎಂದು ಬರೆದರೆ ಕಡಿಮೆ ಬೆಲೆ, ರಾಗದ ಹೆಸರು ಬರೆದರೆ ಹೆಚ್ಚು ಬೆಲೆ. ಹಾಡುವ ಕೊರಳು ಮಾತ್ರ ಒಂದೇ. ಮನ್ಸೂರರು ಒಂದು ವಚನವನ್ನು ಎತ್ತಿಕೊಂಡಾಗ ರಾಗದ ನಡೆ, ಮಾತಿನ ಮೇಲೆ ಸ್ವರ ನಿಲ್ಲುವ ಜಾಗ, ಉಸಿರು ಬಿಡುವ ಲೆಕ್ಕ ಎಲ್ಲವೂ ಖ್ಯಾಲಿನ ಶಿಸ್ತಿನವೇ. ಹಾಡು ಮುಗಿಯುವುದು ಕೆಲವೇ ನಿಮಿಷಗಳಲ್ಲಿ, ಆದರೆ ಇಡೀ ತಾಲೀಮು ಅದರೊಳಗಿದೆ. ಈ ಅರ್ಥದಲ್ಲಿ ಜಾತ್ರೆಯ ಆ ಕ್ಯಾಸೆಟ್ಟು ನನ್ನ ಲೆಕ್ಕದಲ್ಲಿ ಈ ಸೀಮೆಗೆ ಸಿಕ್ಕ ಅತ್ಯುತ್ತಮ ಸಂಗೀತದ ವ್ಯಾಪಾರ.

ಕೊರತೆ ಇದ್ದದ್ದು ಹಾಡಿನಲ್ಲಲ್ಲ, ಹೊದಿಕೆಯಲ್ಲಿ. ಎಷ್ಟೋ ಭಕ್ತಿ ಕ್ಯಾಸೆಟ್ಟುಗಳ ಮೇಲೆ ರಾಗದ ಹೆಸರಿಲ್ಲ, ತಬಲಾ ಯಾರದು, ಹಾರ್ಮೋನಿಯಂ ಯಾರದು, ಯಾವ ವರ್ಷದ ಮುದ್ರಣ ಎಂಬುದಿಲ್ಲ. ಅಗ್ಗದ ಮುದ್ರಿಕೆಯನ್ನು ತೂಗಿ ನೋಡಬೇಕಾದದ್ದು ಇಲ್ಲೇ ಎಂದು ನನ್ನ ವಾದ. ಬೆಲೆ ಇಳಿಸುವಾಗ ಏನನ್ನು ಬಿಟ್ಟರು? ಕಾಗದ ತೆಳುವಾದರೆ ಅಡ್ಡಿಯಿಲ್ಲ, ಡಬ್ಬಿ ಸಾದಾ ಆದರೂ ನಡೆದೀತು. ಹಾಡಿದವರು, ನುಡಿಸಿದವರು, ರಾಗ, ವರ್ಷ ಇವು ಹೋದರೆ ಕೊಂಡವನ ಕೈಗೆ ಬಂದದ್ದು ಅರ್ಧ ಮಾತ್ರ.

ಈ ಮಾತಿಗೆ ಗಂಗೂಬಾಯಿ ಹಾನಗಲ್ಲರ ಹಳೆಯ ಪ್ಲೇಟುಗಳಿಗಿಂತ ಒಳ್ಳೆಯ ಸಾಕ್ಷಿ ಬೇಡ. 1913ರಲ್ಲಿ ಹುಟ್ಟಿದ ಅವರ ಮನೆಯ ಹೆಸರು ಗಾಂಧಾರಿ. 1930ರ ದಶಕದಲ್ಲಿ ಎಚ್‌ಎಂವಿ ಹೊರತಂದ ಅವರ 78 ಆರ್‌ಪಿಎಂ ಪ್ಲೇಟುಗಳ ಲೇಬಲ್ ಮೇಲೆ ಕಾಣುವುದು ಹುಬ್ಬಳ್ಳಿಯ ಗಾಂಧಾರಿ. ಹಳೆ ಸಾಮಾನಿನವನ ಅಂಗಡಿಯಲ್ಲಿ ಹಿತ್ತಾಳೆ ಹಂಡೆ, ಮುರಿದ ಹೊಲಿಗೆ ಯಂತ್ರಗಳ ಸಂದಿಯಲ್ಲಿ ಅಂಥದ್ದೊಂದು ಪ್ಲೇಟು ಸಿಕ್ಕರೆ ಮಾರುವವನಿಗೆ ಅದು ಗುರುತು ಸಿಗದ ಹೆಸರು, ಆದ್ದರಿಂದಲೇ ಬೆಲೆ ಕಡಿಮೆ. ಗುರುತು ಬಲ್ಲವನು ಅದನ್ನು ನುಡಿಸಿದರೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ನಾವು ರೇಡಿಯೋದಲ್ಲಿ ಕೇಳಿ ಬೆಳೆದ, ಗಂಡುದನಿಯೆಂದೇ ಹೊಸಬರು ಭಾವಿಸುತ್ತಿದ್ದ ಆ ಗಟ್ಟಿ ಕಂಠ ಅಲ್ಲಿಲ್ಲ. ಸಣ್ಣನೆಯ, ಎತ್ತರದ, ಚುರುಕಾದ ಹೆಣ್ಣುದನಿಯಿದೆ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು. ಮೊದಲಿನ ದನಿಗೆ ಉಳಿದಿರುವ ನೆಲೆ ಅರಗಿನ ಈ ಪ್ಲೇಟುಗಳೇ.

ಇಲ್ಲಿ ಸೂಕ್ಷ್ಮವೊಂದಿದೆ. 78 ಎಂದು ಕರೆದರೂ ಆ ಕಾಲದ ಎಲ್ಲ ಪ್ಲೇಟುಗಳೂ ಸರಿಯಾಗಿ ಆ ವೇಗದಲ್ಲೇ ಕೆತ್ತಿದವಲ್ಲ. ನುಡಿಸುವಾಗ ವೇಗ ಸ್ವಲ್ಪ ಹೆಚ್ಚಾದರೂ ಶ್ರುತಿ ಏರುತ್ತದೆ, ದನಿ ಇನ್ನೂ ತೆಳುವಾಗುತ್ತದೆ. ಹಾಗಾಗಿ ಗಾಂಧಾರಿಯ ದನಿ ನಿಜಕ್ಕೂ ಎಷ್ಟು ಎತ್ತರದ್ದು ಎಂದು ಹೇಳಬೇಕಾದರೆ ವೇಗ ಹೊಂದಿಸಿ ನಕಲು ತೆಗೆದವರು ಬೇಕು. ಅವಸರದಲ್ಲಿ ತೆಗೆದು ಮಾರುವ ಅಗ್ಗದ ನಕಲಿನಲ್ಲಿ ಈ ಎಚ್ಚರ ಇರುವುದಿಲ್ಲ. ಕೇಳುವವನು ಯಂತ್ರದ ತಪ್ಪನ್ನು ಗಾಯಕಿಯ ಗುಣವೆಂದು ನಂಬಿಬಿಡುತ್ತಾನೆ.

ವರ್ಷದ ಮಾತೂ ಅಷ್ಟೇ ಮುಖ್ಯ. ಹಿಂದುಸ್ತಾನಿಯಲ್ಲಿ ಮನ್ಸೂರರು ಮೊದಲು ಕಲಿತದ್ದು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು, ಆಮೇಲೆ ಮಂಜಿಖಾನರಲ್ಲಿ, 1937ರಲ್ಲಿ ಅವರು ತೀರಿಕೊಂಡ ಮೇಲೆ ಬುರ್ಜಿಖಾನರಲ್ಲಿ ಜೈಪುರ-ಅತ್ರೌಳಿ ಗಾಯಕಿಯನ್ನು. 1930ರ ದಶಕದ ಮೂರು ನಿಮಿಷದ ಪ್ಲೇಟಿನಿಂದ ಎಲ್‌ಪಿ ಕಾಲದ ಶಿವಮತ ಭೈರವದವರೆಗೆ ಕಾಲಕ್ರಮದಲ್ಲಿ ಕೇಳಿದರೆ ಒಬ್ಬ ಮನುಷ್ಯ ತನ್ನ ಕೊರಳನ್ನು ಮತ್ತೆ ಕಟ್ಟಿಕೊಂಡದ್ದು ತಿಳಿಯುತ್ತದೆ. ವರ್ಷವಿಲ್ಲದೆ ಕಲಸಿ ಕೊಟ್ಟರೆ ಆ ಕಥೆಯೇ ಇಲ್ಲ.

ಹಳೆಯದನ್ನು ಕೊಳ್ಳುವವರಿಗೆ ನಾಲ್ಕು ಮಾತು ಹೇಳುವುದು ಒಳ್ಳೆಯದು. ಪ್ಲೇಟನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಬೇಕು. ಗೆರೆಗಳು ಕಪ್ಪಗೆ ಮಿರುಗದೆ ಬೂದುಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಸೂಜಿ ಅದನ್ನು ತಿಂದಿದೆ, ಎಷ್ಟು ಒರೆಸಿದರೂ ಬಾರದು. ಮೇಲ್ಮೈಯ ಗೀರು ಅಷ್ಟು ಅಪಾಯವಲ್ಲ. ನಡುವಿನ ರಂಧ್ರದ ಸುತ್ತ ಲೇಬಲ್ ಮೇಲೆ ಗೀಚುಗಳು ಹೆಚ್ಚಿದ್ದರೆ ಅದು ಬಹಳ ಸಲ ತಿರುಗಿದ ಪ್ಲೇಟು. ಎಚ್‌ಎಂವಿ ಎಲ್‌ಪಿಯಲ್ಲಿ ಸಂಖ್ಯೆಯ ಮುಂದಿನ ಅಕ್ಷರಗಳನ್ನು ಓದಬೇಕು: ಇಸಿಎಲ್‌ಪಿ ಎಂದಿದ್ದರೆ ಮೊನೊ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ನಮ್ಮ ಕಡೆಯ ಬೇಸಿಗೆಗೆ ಎಲ್‌ಪಿ ಸೊಟ್ಟಗಾಗುವುದು ಸಾಮಾನ್ಯ, ಕಣ್ಣಿನ ಮಟ್ಟಕ್ಕೆ ಹಿಡಿದರೆ ಗೊತ್ತಾಗುತ್ತದೆ. ಕ್ಯಾಸೆಟ್ಟಾದರೆ ಟೇಪನ್ನು ಒತ್ತುವ ಉಣ್ಣೆಯ ಚೂರು ಉದುರಿದೆಯೋ, ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆಯೋ ನೋಡಿದರೆ ಸಾಕು.

ಕ್ಯಾಸೆಟ್ ಹೋಗಿ ಎಂಪಿ3 ಸಿಡಿ ಬಂತು, ಅದರ ಬೆನ್ನಿಗೆ ಮೊಬೈಲ್ ಅಂಗಡಿಯಲ್ಲಿ ಚಿಪ್ಪಿಗೆ ಹಾಡು ತುಂಬಿಸುವುದು ಬಂತು. ಇಷ್ಟು ಅಗ್ಗಕ್ಕೆ ಇಷ್ಟು ಸಂಗೀತ ಹಿಂದೆಂದೂ ಸಿಕ್ಕಿರಲಿಲ್ಲ. ಇಷ್ಟು ಕೆಡಿಸಿಕೊಟ್ಟದ್ದೂ ಹಿಂದೆಂದೂ ಇರಲಿಲ್ಲ. ಎಲ್‌ಪಿಯ ಒಂದು ಬದಿ ಇಪ್ಪತ್ತು ನಿಮಿಷದ ಆಸುಪಾಸು. ದೊಡ್ಡ ರಾಗವನ್ನು ಎರಡೂ ಬದಿಗೆ ಹರಡಿದ್ದರೆ ನಕಲು ಮಾಡಿದವನು ಅದನ್ನು ಎರಡು ಫೈಲ್ ಮಾಡುತ್ತಾನೆ. ಫೈಲಿಗೆ ಬರೀ ಅಂಕಿ ಕೊಟ್ಟಿದ್ದರೆ ಅಗ್ಗದ ಪ್ಲೇಯರು 2ಕ್ಕಿಂತ ಮೊದಲು 10ನ್ನು ನುಡಿಸುತ್ತದೆ. ವಿಲಂಬಿತ ಕೇಳಿ ರಾಗಕ್ಕೆ ಮನಸ್ಸು ಕೂರುವ ಹೊತ್ತಿಗೆ ಬೇರೆಯವರ ಠುಮರಿ, ದ್ರುತ್ ಬರುವುದು ಇನ್ನೆಷ್ಟೋ ಹೊತ್ತಿಗೆ. ಕೆಲವದರಲ್ಲಿ ನಿಧಾನ ಭಾಗವನ್ನೇ ಕತ್ತರಿಸಿರುತ್ತಾರೆ. ಶುದ್ಧ ಕಲ್ಯಾಣಕ್ಕೆ ಯಮನ್ ಎಂದು ಬರೆದರೆ ಕಲಿಯುವ ಹುಡುಗನ ಗತಿಯೇನು? ಇದಕ್ಕೆ ನನ್ನ ಮೆಚ್ಚುಗೆ ಇಲ್ಲ. ಹಾಡಿದವರಿಗೆ ಒಂದು ಬಿಡಿಗಾಸೂ ಹೋಗದ ವ್ಯಾಪಾರ ಎಂಬುದು ಬೇರೆ.

ಅಗ್ಗ ಎಂದರೆ ಹೀಗೇ ಇರಬೇಕೆಂದಿಲ್ಲ. 1987ರಲ್ಲಿ ಹಾಂಗ್‌ಕಾಂಗಿನಲ್ಲಿ ಶುರುವಾದ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ನಾಕ್ಸಾಸ್ ಕಂಪನಿ ಹೆಸರಾಂತ ತಾರೆಗಳ ಬದಲು ಹೆಚ್ಚು ಪರಿಚಿತರಲ್ಲದ ವಾದ್ಯವೃಂದಗಳಿಂದ ನುಡಿಸಿ ಬೆಲೆ ಇಳಿಸಿತು. ಡಚ್ ಕಂಪನಿ ಬ್ರಿಲಿಯಂಟ್ ಕ್ಲಾಸಿಕ್ಸ್ ಇತರರ ಮುದ್ರಣಗಳ ಹಕ್ಕು ಪಡೆದು ಮೊಜಾರ್ಟನ ಕೃತಿಗಳನ್ನು 170 ಸಿಡಿಗಳ ಒಂದೇ ಬಾಕ್ಸಿನಲ್ಲಿ ಕೊಟ್ಟಿತು. ನುಡಿಸಿದವರ ಹೆಸರು, ಕೃತಿಯ ಸಂಖ್ಯೆ ಅಲ್ಲಿ ಮಾಯವಾಗಲಿಲ್ಲ. ನಮ್ಮ ಸಂಗೀತಕ್ಕೆ ಅಂಥ ಬಾಕ್ಸ್ ಇನ್ನೂ ಹೆಚ್ಚು ಅಗತ್ಯ. ಅಲ್ಲಿ ಕೃತಿ ಬರಹದಲ್ಲಿದೆ, ಒಂದು ಮುದ್ರಣ ಹೋದರೆ ಮತ್ತೊಬ್ಬರು ನುಡಿಸಿಯಾರು. ರಾಜಗುರುಗಳು ಒಂದು ರಾತ್ರಿ ಹಾಡಿದ ರಾಗ ಆ ರಾತ್ರಿಯದು ಮಾತ್ರ.

ಹಳೆಯ ಮುದ್ರಿಕೆಗಳ ಅಂಥ ಬಾಕ್ಸಿಗೆ ಕಾನೂನೂ ಅಡ್ಡ ಬರುವುದಿಲ್ಲ. ನಮ್ಮಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1930ರ ದಶಕದ ಮುದ್ರಿಕೆಗಳ ಅವಧಿ ಎಂದೋ ಮುಗಿದಿದೆ. ಗಾಂಧಾರಿಯ ಪ್ಲೇಟುಗಳು, ಆಕೆಯ ಗುರು ಸವಾಯಿ ಗಂಧರ್ವರವು, ಮನ್ಸೂರರ ಮೊದಮೊದಲಿನವು ಎಲ್ಲವನ್ನೂ ಸರಿಯಾದ ವೇಗದಲ್ಲಿ, ವರ್ಷದ ಕ್ರಮದಲ್ಲಿ, ಕನ್ನಡದ ಟಿಪ್ಪಣಿಯೊಡನೆ ಹೊರತಂದರೆ ಅದನ್ನು ಪುಸ್ತಕದ ಬೆಲೆಗೆ ಮಾರಬಹುದು. ವಿಶ್ವವಿದ್ಯಾಲಯವೋ ಅಕಾಡೆಮಿಯೋ ಕೈಹಾಕಬೇಕಾದ ಕೆಲಸ ಇದು.

ಮುದ್ರಿಕೆಗಳ ಇನ್ನೊಂದು ರಾಶಿ ನಮ್ಮ ಮನೆಗಳಲ್ಲೇ ಇದೆ. ಹಡಗಲಿ ತಾಲ್ಲೂಕಿನ ಅಂಚಿಗೆ ತುಂಗಭದ್ರೆ, ಹೊಳೆ ದಾಟಿದರೆ ಮುಂಡರಗಿ, ಅಲ್ಲಿಂದ ಗದಗ. ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಅಂಧರಿಗೆ, ಅನಾಥರಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ಇರುವುದು ಅಲ್ಲೇ. ಪುಟ್ಟರಾಜರ ತುಲಾಭಾರ, ಪುರಾಣ ಮಂಗಲ, ಅಹೋರಾತ್ರಿ ಸಂಗೀತ ನಡೆದ ಕಡೆಯೆಲ್ಲ ಯಾರೋ ಒಬ್ಬರು ಟೇಪ್ ರೆಕಾರ್ಡರ್ ಹಿಡಿದು ಕೂತಿರುತ್ತಿದ್ದರು. ಧಾರವಾಡ ಆಕಾಶವಾಣಿಯ ಕಾರ್ಯಕ್ರಮಗಳನ್ನು ರೇಡಿಯೋದ ಮುಂದೆ ಕೂತು ತುಂಬಿಕೊಂಡವರೂ ಇದ್ದರು. ಆ ಕ್ಯಾಸೆಟ್ಟುಗಳು ಈಗ ಅಟ್ಟದ ಮೇಲೆ, ಗುಜರಿಯವನ ಚೀಲದಲ್ಲಿ. ಅವುಗಳ ಮೇಲೆ ‘ಅಜ್ಜಾರ ಕಾರ್ಯಕ್ರಮ’ ಎಂದಷ್ಟೇ ಬಾಲ್‌ಪೆನ್ನಿನಲ್ಲಿ ಬರೆದಿರುತ್ತದೆ. ಆ ರಾತ್ರಿ ಅಲ್ಲಿದ್ದ ಹಿರಿಯರು ಇನ್ನೂ ಕೆಲವರಿದ್ದಾರೆ. ಟೇಪನ್ನು ಅವರ ಮುಂದೆ ನುಡಿಸಿ, ಹಾಡಿದವರಾರು, ತಬಲಾದ ಮೇಲೆ ಯಾರಿದ್ದರು, ಊರು ಯಾವುದು, ಯಾವ ವರ್ಷದ ಕಾರ್ಯಕ್ರಮ ಎಂದು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಈ ವರ್ಷವೇ ಶುರುವಾಗಬೇಕು.