ವಲ್ಹಾಂಡಣ, ಪಸ್ಕ, ಪ್ರಸಾದ: ಗಡಿನಾಡಿನ ಪ್ರಭುಭೋಜನದ ಪದಗಳು

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಲ್ಲಿ ಮನೆಯೊಳಗೆ ಕನ್ನಡ, ಶಾಲೆ ಕಚೇರಿಗಳಲ್ಲಿ ಮರಾಠಿ ಎಂಬ ವ್ಯವಸ್ಥೆ ಹಳೆಯದು. ಈ ಸೀಮೆಯ ಕನ್ನಡ ಮನೆಮಾತಿನ ಕ್ರೈಸ್ತನೊಬ್ಬ ವಿಮೋಚನಕಾಂಡದ 12ನೆಯ ಅಧ್ಯಾಯವನ್ನು ಎರಡೂ ಭಾಷೆಗಳಲ್ಲಿ ಓದಿದರೆ, ಅವನಿಗೆ ಎರಡು ಬೇರೆ ಹಬ್ಬಗಳು ಸಿಗುತ್ತವೆ. ಮರಾಠಿಯಲ್ಲಿ ಅದು ‘ವಲ್ಹಾಂಡಣ’, ಕನ್ನಡದಲ್ಲಿ ‘ಪಸ್ಕಹಬ್ಬ’. ಮೊದಲನೆಯದು ‘ಓಲಾಂಡಣೆ’, ಎಂದರೆ ದಾಟುವುದು, ಎಂಬ ದಿನಬಳಕೆಯ ಕ್ರಿಯಾಪದದಿಂದ ಹುಟ್ಟಿದ್ದು. ಐಗುಪ್ತದಲ್ಲಿ ಕುರಿಮರಿಯ ರಕ್ತ ಬಳಿದ ಬಾಗಿಲುಗಳನ್ನು ಸಂಹಾರವು ದಾಟಿಹೋಯಿತೆಂಬ ಕಥೆ ಹಬ್ಬದ ಹೆಸರಿನಲ್ಲೇ ಕೇಳಿಸುತ್ತದೆ. ಎರಡನೆಯದು ಗ್ರೀಕಿನ ‘ಪಾಸ್ಖ’ದಿಂದ ಬಂದು ಅರ್ಥವನ್ನು ಬಿಟ್ಟುಕೊಡದೆ ನಿಂತ ಪದ. ಕಥೆ ಗೊತ್ತಿದ್ದವನಿಗೆ ಅದು ಗುರುತು. ಗೊತ್ತಿಲ್ಲದವನಿಗೆ ಬರಿಯ ಸದ್ದು.

ಈ ಭೇದ ಆಕಸ್ಮಿಕವಲ್ಲ. ಕೊಲ್ಹಾಪುರಕ್ಕೆ 1852ರಲ್ಲಿ ಬಂದ ಅಮೆರಿಕದ ರಾಯಲ್ ಗೂಲ್ಡ್ ವೈಲ್ಡರ್ ಕಟ್ಟಿದ ಮಿಶನ್ 1870ರಲ್ಲಿ ಪ್ರೆಸ್ಬಿಟೀರಿಯನ್ ಮಂಡಳಿಗೆ ಸೇರಿತು. ಅದರ ಕೆಲಸದ ಭಾಷೆ ಮರಾಠಿ. ಕನ್ನಡದ ಬೈಬಲ್ ಬೇರೆ ದಾರಿಯಲ್ಲಿ ಬೆಳೆಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಪೂರ್ಣ ಬೈಬಲನ್ನು ಕನ್ನಡಕ್ಕೆ ತಂದರು. ಮುಂದೆ ಬಾಸೆಲ್ ಮಿಶನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರ ಕೈಯಲ್ಲಿ ಅದು ತಿದ್ದುಪಡಿ ಕಂಡಿತು. ಕೊಲ್ಹಾಪುರ ಸಂಸ್ಥಾನದ ಕನ್ನಡಿಗ ಈ ಎರಡು ಪರಂಪರೆಗಳ ಅಂಚಿನಲ್ಲಿ ಉಳಿದ. ಅವನ ಪ್ರಾರ್ಥನೆಯ ನಿಘಂಟು ಒಂದು ಕಡೆಯದು, ಮನೆಯ ನಿಘಂಟು ಇನ್ನೊಂದು ಕಡೆಯದು.

ಹಾಗೆಂದು ಮರಾಠಿ ಪದವೇ ಮೇಲೆಂದು ತೀರ್ಪು ಕೊಡುವುದು ಆತುರವಾದೀತು. ಹೀಬ್ರೂವಿನ ‘ಪಸಹ್’ ಧಾತುವಿಗೆ ದಾಟಿಹೋಗುವ ಅರ್ಥವೊಂದೇ ಅಲ್ಲ. ಯೆಶಾಯನ 31ನೆಯ ಅಧ್ಯಾಯದಲ್ಲಿ ಅದು ಹಕ್ಕಿ ರೆಕ್ಕೆ ಹರಡಿ ಕಾಯುವ ಚಿತ್ರದೊಡನೆ ಬರುತ್ತದೆ. ದೇವರು ಬಾಗಿಲನ್ನು ದಾಟಿಹೋದನೋ, ಬಾಗಿಲಲ್ಲಿ ನಿಂತು ಕಾದನೋ ಎಂಬ ಪ್ರಶ್ನೆಯನ್ನು ವಲ್ಹಾಂಡಣ ಮುಚ್ಚಿಬಿಡುತ್ತದೆ. ಪಸ್ಕ ತೆರೆದೇ ಇಡುತ್ತದೆ. ತೊಡಕೆಂದರೆ, ಕನ್ನಡದ ಓದುಗನಿಗೆ ಅಲ್ಲೊಂದು ಪ್ರಶ್ನೆಯಿದೆ ಎಂಬುದೇ ತಿಳಿಯುವುದಿಲ್ಲ. ಎರಡನೆಯ ಶತಮಾನದಲ್ಲೇ ಸಾರ್ದಿಸಿನ ಮೆಲಿಟೋ ‘ಪಾಸ್ಖ’ವನ್ನು ಗ್ರೀಕಿನ ‘ನರಳು’ ಎಂಬರ್ಥದ ಧಾತುವಿಗೆ ಜೋಡಿಸಿದ. ವ್ಯುತ್ಪತ್ತಿ ತಪ್ಪು, ಆದರೆ ಅರ್ಥ ತೋರದ ಪದ ಎಲ್ಲಿಗೆ ಬೇಕಾದರೂ ತೇಲಿಹೋಗಬಲ್ಲದೆಂಬುದಕ್ಕೆ ಒಳ್ಳೆಯ ನಿದರ್ಶನ.

ಕ್ರಿಸ್ತನ ಕಡೆಯ ಭೋಜನ ಪಸ್ಕದ ಊಟವೇ ಆಗಿತ್ತೆಂದು ಮತ್ತಾಯ, ಮಾರ್ಕ, ಲೂಕರು ಹೇಳುತ್ತಾರೆ. ಯೋಹಾನನಲ್ಲಿ ಲೆಕ್ಕ ಬೇರೆ: ಅಲ್ಲಿ ಯೇಸು ಸಾಯುವುದೇ ಪಸ್ಕದ ಸಿದ್ಧತೆಯ ದಿನ, ಕುರಿಮರಿಗಳನ್ನು ಕೊಯ್ಯುವ ದಿನ. ಜರ್ಮನಿಯ ಯೋವಾಖಿಮ್ ಯೆರೆಮಿಯಾಸ್ 1935ರ ಗ್ರಂಥದಲ್ಲಿ ಮೊದಲ ಮೂವರ ಪಕ್ಷ ವಹಿಸಿದರು; ವಾದ ಇನ್ನೂ ಮುಗಿದಿಲ್ಲ. ಇತ್ತೀಚೆಗೆ ಕೆಲವು ಸಭೆಗಳು ಯೆಹೂದ್ಯರ ಸೇದರ್ ಊಟವನ್ನು ನಾಲ್ಕು ಬಟ್ಟಲುಗಳ ಸಮೇತ ಅನುಕರಿಸಿ, ಯೇಸು ಮಾಡಿದ್ದು ಇದನ್ನೇ ಎಂದು ಹೇಳುವುದುಂಟು. ಇದನ್ನು ಒಪ್ಪಲಾಗದು. ಸೇದರಿನ ಕ್ರಮ ಸ್ಪಷ್ಟವಾಗಿ ಸಿಗುವುದು ಕ್ರಿ.ಶ. 200ರ ಸುಮಾರಿನ ಮಿಶ್ನಾದಲ್ಲಿ, ದೇವಾಲಯ ಉರುಳಿ ಒಂದು ಶತಮಾನಕ್ಕೂ ಹೆಚ್ಚು ಕಳೆದ ಮೇಲೆ. ಬೇರನ್ನು ಹುಡುಕುವ ಭರದಲ್ಲಿ ಮತ್ತೊಂದು ಮರದ ಕೊಂಬೆಯನ್ನು ಬೇರೆಂದು ತೋರಿಸಿದಂತಾಗುತ್ತದೆ. ಯೆಹೂದ್ಯರ ಜೀವಂತ ಹಬ್ಬವನ್ನು ತಮ್ಮ ಸಂಸ್ಕಾರದ ಪೀಠಿಕೆಯಾಗಿ ಬಳಸಿಕೊಳ್ಳುವ ಅಸೌಜನ್ಯವೂ ಅದರಲ್ಲಿದೆ.

ಸಂಸ್ಕಾರದ ಹೆಸರಿನಲ್ಲಿ ತೊಡಕು ಇನ್ನೂ ಗಾಢ. ಮರಾಠಿ ಪ್ರಾಟೆಸ್ಟಂಟರಿಗೆ ಅದು ‘ಪ್ರಭುಭೋಜನ’, ಕನ್ನಡದವರಿಗೆ ‘ಕರ್ತನ ಭೋಜನ’. ಕನ್ನಡ ಕಥೋಲಿಕರಿಗೆ ‘ಪರಮಪ್ರಸಾದ’. ಕೊಂಕಣಿ ಕಥೋಲಿಕರ ‘ಕುಮ್ಗಾರ್’ ಪೋರ್ಚುಗೀಸಿನಿಂದ ನೇರ ಇಳಿದದ್ದು. ಇವುಗಳಲ್ಲಿ ಪರಮಪ್ರಸಾದವೇ ಕನ್ನಡದ ಮಣ್ಣಿನಲ್ಲಿ ಆಳಕ್ಕೆ ಇಳಿದ ಪದ, ಅದೇ ಕಾರಣಕ್ಕೆ ಹೆಚ್ಚು ಎಚ್ಚರ ಬೇಡುವ ಪದ. ಲಿಂಗಾಯತ ಪರಂಪರೆ ಗಟ್ಟಿಯಾಗಿರುವ ಗಡಹಿಂಗ್ಲಜದಂಥ ಕಡೆ ಪ್ರಸಾದವೆಂದರೆ ಅಷ್ಟಾವರಣಗಳಲ್ಲೊಂದು. ಗುರುಲಿಂಗಜಂಗಮರಿಗೆ ಅರ್ಪಿತವಾಗಿ ಅವರ ಕೃಪೆಯಿಂದ ಮರಳಿ ಬರುವಂಥದ್ದು. ಅದರ ಚಲನೆ ಮೇಲಿನಿಂದ ಕೆಳಕ್ಕೆ. ಪಸ್ಕದ ಊಟದ ಚಲನೆ ಅಡ್ಡಡ್ಡ: ಮನೆಯವರು ಸುತ್ತ ಕೂತು, ಮಗು ಇದೇನೆಂದು ಕೇಳಿ, ಹಿರಿಯ ಬಿಡುಗಡೆಯ ಕಥೆ ಹೇಳಿ ನಡೆಯುವಂಥದ್ದು. ಪ್ರಸಾದ ಎಂದಾಗ ಕೃಪೆ ಬಂತು, ಪ್ರಶ್ನೆ ಕೇಳುವ ಮಗು ಹೋಯಿತು. ಕೃಪೆಯ ಅರ್ಥ ಕ್ರೈಸ್ತ ಸಂಸ್ಕಾರಕ್ಕೆ ಹೊರಗಿನದೇನಲ್ಲ. ಆದರೆ ದಾಸ್ಯದಿಂದ ಹೊರಟ ಜನರ ಊಟವೆಂಬ ನೆನಪು ಆ ಪದದಲ್ಲಿ ಉಳಿಯುವುದಿಲ್ಲ.

‘ಸ್ಮರಣೆ’ಗೂ ಇದೇ ಗತಿ. ಎರಡೂ ಭಾಷೆಗಳಲ್ಲಿ ‘ಸ್ಮರಣಾರ್ಥ’ ಎಂಬುದು ತೀರಿಹೋದವರ ಹೆಸರಿನಲ್ಲಿ ಕಟ್ಟಿಸಿದ ಶಾಲೆಯ ಕೋಣೆಗೋ ಕಲ್ಲಿನ ಬೆಂಚಿಗೋ ಹಾಕುವ ಫಲಕದ ಮಾತು. ಹೀಬ್ರೂವಿನ ‘ಜಿಕ್ಕಾರೋನ್’ ಹಾಗಲ್ಲ. ಪ್ರತಿಯೊಂದು ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟು ಬಂದವನೆಂದು ಭಾವಿಸಬೇಕೆಂಬುದು ಮಿಶ್ನಾದ ವಿಧಿ. ಕನ್ನಡದ ‘ನೆನೆ’ಗೆ ಸ್ಮರಿಸುವ ಅರ್ಥವೂ ಇದೆ, ಒದ್ದೆಯಾಗುವ ಅರ್ಥವೂ ಇದೆ. ಇಂಥ ಪದ ಕೈಯಲ್ಲಿದ್ದೂ ಫಲಕದ ಸಂಸ್ಕೃತವನ್ನು ಆರಿಸಿಕೊಂಡದ್ದು ಭಾಷಾಂತರಕಾರರ ಕಾಲದ ಅಭಿರುಚಿ.

ಹುಳಿಯಿಲ್ಲದ ರೊಟ್ಟಿಯ ಮಾತಂತೂ ಗಡಿನಾಡಿನಲ್ಲಿ ತಲೆಕೆಳಗಾಗುತ್ತದೆ. ಹಿಟ್ಟು ಹುದುಗಲು ಪುರುಸೊತ್ತಿಲ್ಲದೆ ಹೊರಟವರ ಅವಸರ, ದಾಸ್ಯದ ಬಡತನ, ಎರಡನ್ನೂ ಆ ರೊಟ್ಟಿ ಹೇಳಬೇಕು. ಆದರೆ ಇಚಲಕರಂಜಿಯ ಮಗ್ಗದ ಕೆಲಸಗಾರನ ಬುತ್ತಿಯ ಜೋಳದ ರೊಟ್ಟಿ ಎಂದೂ ಹುಳಿ ಕಂಡದ್ದಲ್ಲ. ಮರಾಠಿಯ ‘ಬೇಖಮೀರ ಭಾಕರ’ ಎಂಬ ಮಾತು, ಹುಳಿ ಬರಿಸಿದ ಭಾಕರಿಯೂ ಉಂಟೆಂಬ ಭ್ರಮೆ ಹುಟ್ಟಿಸುತ್ತದೆ. ಇಲ್ಲಿ ಹುದುಗಿದ್ದು ಬೇಕರಿಯ ಪಾವ್. ಹೊರಗಿನಿಂದ ಬಂದದ್ದೂ ಅದೇ. ಹೀಗಾಗಿ ಪ್ರಭುಭೋಜನದಲ್ಲಿ ಪಾವಿನ ತುಣುಕು ಕೊಡುವ ಸಭೆಯಲ್ಲಿ ಪವಿತ್ರವಾದದ್ದು ಪರದೇಶದ್ದಾಗುತ್ತದೆ, ಬೈಬಲ್ಲಿನ ನಿಜವಾದ ರೊಟ್ಟಿ ಮನೆಯ ಒಲೆಯ ಮೇಲೆಯೇ ಉಳಿಯುತ್ತದೆ.

ಮರಾಠಿಯಲ್ಲೇ ಇದಕ್ಕೊಂದು ಬೇರೆ ಉತ್ತರ ಹಿಂದೆಯೇ ಇತ್ತು. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲ್ ಯೆಹೂದ್ಯರು ಈ ಹಬ್ಬವನ್ನು ‘ಅನಶೀ ಧಾಕಾಚಾ ಸಣ’ ಎಂದು, ಎಂದರೆ ಹುಳಿಯ ಪಾತ್ರೆಯನ್ನು ಮುಚ್ಚುವ ಹಬ್ಬವೆಂದು, ಕರೆಯುತ್ತಿದ್ದರು. ಪಂಡಿತರ ನೆರವಿಲ್ಲದೆ ಅಡುಗೆಮನೆಯಲ್ಲಿ ಹುಟ್ಟಿದ ಹೆಸರು ಅದು, ವಲ್ಹಾಂಡಣಕ್ಕಿಂತಲೂ ಸೊಗಸಾದದ್ದು. ಪುಣೆಯಲ್ಲಿ 1874ರಲ್ಲಿ ಮರಾಠಿ ಅನುವಾದದೊಡನೆ ಅಚ್ಚಾದ ಅವರ ಹಗ್ಗಾದಾ ಪ್ರಸಿದ್ಧ. ಕೊಲ್ಹಾಪುರದ ಕ್ರೈಸ್ತ ಚರ್ಚೆ ಈ ನೆರೆಯವರ ಕಡೆ ಕಣ್ಣು ಹಾಯಿಸಿದ್ದರೆ, ಬೇರು ಹುಡುಕಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. (ನಿಸಾನ್ ತಿಂಗಳ ಕಹಿ ಸೊಪ್ಪನ್ನು ಚೈತ್ರದ ಬೇವಿಗೆ ಹೋಲಿಸುವ ಆಸೆಯನ್ನು ಮಾತ್ರ ತಡೆಯಬೇಕು. ಬೇವುಬೆಲ್ಲ ವರ್ಷದ ಸುಖದುಃಖದ್ದು. ಆ ಸೊಪ್ಪು ಯಜಮಾನನ ಚಾಟಿಯದು.)

ಪಂಕ್ತಿಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಭೋಜನದ ಅತ್ಯಂತ ಹಳೆಯ ಲಿಖಿತ ವೃತ್ತಾಂತವಿರುವುದು ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ, ಅದೂ ಒಂದು ಛೀಮಾರಿಯ ನಡುವೆ: ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗಿದ್ದಾರೆ, ಇಲ್ಲದವರು ಹಸಿದು ಕೂತಿದ್ದಾರೆ, ಇದು ಕರ್ತನ ಭೋಜನವೇ ಅಲ್ಲ ಎಂಬುದು ಪೌಲನ ನಿಲುವು. ಅದೇ ಪತ್ರದ 5ನೆಯ ಅಧ್ಯಾಯದಲ್ಲಿ ಕ್ರಿಸ್ತನನ್ನು ಪಸ್ಕದ ಕುರಿಮರಿ ಎಂದವನೂ ಆತನೇ. ಕೊಲ್ಹಾಪುರದಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಗಂಗಾರಾಮ ಕಾಂಬಳೆಯವರ ಅಂಗಡಿಯಲ್ಲಿ ಶಾಹೂ ಮಹಾರಾಜರು ಚಹಾ ಕುಡಿದದ್ದು, 1920ರ ಮಾರ್ಚಿನಲ್ಲಿ ಇಚಲಕರಂಜಿಯ ತಾಲೂಕಿನದೇ ಆದ ಮಾಣಗಾವದ ಪರಿಷತ್ತಿನಲ್ಲಿ ಅಂಬೇಡ್ಕರರ ಜೊತೆ ನಿಂತದ್ದು, ಇವೆಲ್ಲ ಯಾರು ಯಾರ ಬಟ್ಟಲು ಮುಟ್ಟಬಹುದು ಎಂಬ ಪ್ರಶ್ನೆಯ ಸುತ್ತಲಿನವೇ. ಒಂದೇ ಬಟ್ಟಲಿನಿಂದ ಕುಡಿಯಿರೆಂಬ ಸಂಸ್ಕಾರ ಇಂಥ ನೆಲದಲ್ಲಿ ಬರಿಯ ಭಕ್ತಿಯ ವಿಷಯವಾಗಿ ಉಳಿಯಲಾರದು.

ಆದರೆ ಪದಗಳು ಇಲ್ಲಿಯೂ ಧಾರ ಮೊಂಡು ಮಾಡಿವೆ. ಗ್ರೀಕಿನ ‘ಕೊಯ್ನೋನಿಯ’ಕ್ಕೆ ಮರಾಠಿಯಲ್ಲಿ ‘ಸಹಭಾಗಿತಾ’ ಇದೆ. ಒಂದೇ ವಸ್ತುವಿನಲ್ಲಿ ಪಾಲುಳ್ಳವರು ಎಂಬ ಹಕ್ಕಿನ ದನಿ ಅದರಲ್ಲಿದೆ. ಕನ್ನಡದ ಪ್ರಾರ್ಥನೆಗಳು ಬಳಸುವ ‘ಅನ್ಯೋನ್ಯತೆ’ ಗಂಡಹೆಂಡಿರ ಹೊಂದಾಣಿಕೆಗೆ ಹೇಳುವ ಮಾತು. ಪಂಕ್ತಿಯಿಂದ ಹೊರಗಿಡಲ್ಪಟ್ಟವನಿಗೆ ಬೇಕಾದದ್ದು ಅನ್ಯೋನ್ಯತೆಯಲ್ಲ, ಪಾಲು. ‘ಪಾಲುಗಾರಿಕೆ’ ಎಂಬ ಪದ ಕನ್ನಡದಲ್ಲಿ ಇದೆ. ಹೊಲದ ಲೆಕ್ಕದಲ್ಲಿ, ಅಂಗಡಿಯ ಪತ್ರದಲ್ಲಿ ಅದು ಓಡಾಡುತ್ತಲೇ ಇದೆ. ಪ್ರಾರ್ಥನಾಪುಸ್ತಕದೊಳಕ್ಕೆ ಮಾತ್ರ ಅದಿನ್ನೂ ಬಂದಿಲ್ಲ.