ಖಾತೆ ನೋಡಿದಿರಾ, ಇಸಿ ನೋಡಿದಿರಾ

ಗಾಂಧಿ ಬಜಾರಿನ ಹಿಂದೆ ಒಂದು ಅಡ್ಡರಸ್ತೆಯಲ್ಲಿ ಫ್ಲ್ಯಾಟು ನೋಡುತ್ತಿದ್ದೇವೆ ಎಂದು ಬಾಯಿಬಿಟ್ಟ ದಿನದಿಂದ ನನಗೂ ನನ್ನ ಹೆಂಡತಿಗೂ ಬುದ್ಧಿ ಹೇಳದವರಿಲ್ಲ. ಸೋದರಮಾವ, ಆಫೀಸಿನವರು, ಹಾಲಿನ ಬೂತಿನ ಹತ್ತಿರ ಸಿಗುವ ನಿವೃತ್ತ ಬ್ಯಾಂಕ್ ಮ್ಯಾನೇಜರು, ಬ್ರೋಕರು, ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಒಂದೇ ಪಾಠ: "ಖಾತೆ ನೋಡಿ, ಮೂವತ್ತು ವರ್ಷದ ಇಸಿ ತೆಗೆಸಿ, ರೇರಾ ನಂಬರ್ ಕೇಳಿ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ, ಬಾಡಿಗೆ ಕಟ್ಟೋ ದುಡ್ಡಲ್ಲೇ ಇಎಂಐ ಕಟ್ಟಬಹುದು." ಒಂದೂವರೆ ವರ್ಷ ಈ ಪಾಠ ಕೇಳಿ, ಅದರಂತೆ ನಡೆದು, ಈಗ ಅದನ್ನೇ ಒರೆಗೆ ಹಚ್ಚಬೇಕು ಅನ್ನಿಸಿದೆ. ಹೇಳಿದವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಈ ಪಾಠ ಹುಟ್ಟಿದ್ದು ಊರಾಚೆಯ ಲೇಔಟುಗಳಲ್ಲಿ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ನೆಲದ್ದು: ಕೆರೆಯಂಗಳವೋ, ರೆವಿನ್ಯೂ ಸೈಟೋ, ಕನ್ವರ್ಷನ್ ಆಗಿದೆಯೋ.

ನಾವು ನೋಡುತ್ತಿದ್ದದ್ದು ಹಳೇ ಬೆಂಗಳೂರಿನಲ್ಲಿ. ಇಲ್ಲಿ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗಿಗೆ ಹೆದರಿ ಜನ ಹಳೇ ಪೇಟೆ ಬಿಟ್ಟು ಬಂದ ಮೇಲೆ. ಇಲ್ಲಿಯ ನೆಲ ನೂರಕ್ಕೂ ಹೆಚ್ಚು ವರ್ಷದಿಂದ ಅಳತೆ, ನಂಬರು, ರಸ್ತೆ ಎಲ್ಲ ಇರುವ ನೆಲ. ಅದರ ಬಗ್ಗೆ ತಕರಾರು ಕಡಿಮೆ. ತಕರಾರಿರುವುದು ಆ ನೆಲದ ಮೇಲೆ ಮೂರು ತಲೆಮಾರು ಬಾಳಿದ ಕುಟುಂಬದಲ್ಲಿ, ಆಮೇಲೆ ಆ ಮನೆ ಕೆಡವಿ ಎದ್ದ ಕಟ್ಟಡದಲ್ಲಿ. ನಮಗೆ ಸಿಕ್ಕ ಬುದ್ಧಿಮಾತು ಈ ಎರಡರ ಹತ್ತಿರಕ್ಕೂ ಸುಳಿಯಲಿಲ್ಲ.

ಇಸಿಯನ್ನೇ, ಅಂದರೆ ಋಣಭಾರ ಪತ್ರವನ್ನೇ ತೆಗೆದುಕೊಳ್ಳಿ. ಅದು ಬೇಕೇ ಬೇಕು, ಅನುಮಾನವಿಲ್ಲ. ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಆದರೆ ಅದು ತೋರಿಸುವುದು 2004ರ ಏಪ್ರಿಲ್ ನಂತರದ್ದನ್ನು. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕು. ಅಲೆದರೂ ಸಿಗುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ವಿಲ್ ನೋಂದಣಿಯಾಗಲೇಬೇಕೆಂದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡದ್ದು ಅದರಲ್ಲಿ ಇರುವುದಿಲ್ಲ. ಸಿಟಿ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ನಡೆಯುತ್ತಿದ್ದರೂ ಇಸಿ ಅದನ್ನು ಹೇಳುವುದಿಲ್ಲ. ಮಾರುವವರ ಹೆಸರು ಹಾಕಿ ಇ-ಕೋರ್ಟ್ಸ್‌ನಲ್ಲಿ ಬೇರೆಯಾಗಿಯೇ ಹುಡುಕಬೇಕು. ಇನ್ನು ಖಾತೆ. ಅದು ತೆರಿಗೆ ಕಟ್ಟುವವರು ಯಾರು ಎಂಬ ಪಾಲಿಕೆಯ ಲೆಕ್ಕ, ಹಕ್ಕುಪತ್ರವಲ್ಲ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲಂತೂ "ಇ-ಖಾತೆ ಬಂದಿದೆ, ಇನ್ನೇನು ಸಾರ್" ಎಂಬ ಮಾತು ಬ್ರೋಕರುಗಳ ಬಾಯಲ್ಲಿ ಕೊನೆಯ ಮಾತಾಗಿದೆ. ಅದನ್ನು ಕೊನೆಯ ಮಾತೆಂದು ನಂಬಬಾರದು.

ನಾವು ನೋಡಿದ ಜಾಗದಲ್ಲಿ ಹಳೇ ಹೆಂಚಿನ ಮನೆ ಕೆಡವಿ, 40-60 ಸೈಟಿನಲ್ಲಿ ಕೆಳಗೆ ಪಾರ್ಕಿಂಗು, ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡರಂತೆ ಎಂಟು ಫ್ಲ್ಯಾಟು ಏಳುತ್ತಿದ್ದವು. ಜಾಯಿಂಟ್ ಡೆವಲಪ್‌ಮೆಂಟು, ಸಹಿ ಹಾಕಿದವರು ಇಬ್ಬರು ಅಣ್ಣತಮ್ಮಂದಿರು. ವಂಶವೃಕ್ಷ ತರಿಸಿದಾಗ ಅದರಲ್ಲಿ ಒಬ್ಬ ಅಕ್ಕ ಇದ್ದರು. ಕೇಳಿದ್ದಕ್ಕೆ ಬ್ರೋಕರು, "ಅವರಿಗೆ ಅರಿಶಿನ ಕುಂಕುಮಕ್ಕೆ ಅಂತ ಆಗಲೇ ಕೊಟ್ಟಾಗಿದೆ" ಎಂದರು. ಹಳೇ ಬೆಂಗಳೂರಿನ ಎಷ್ಟು ಮನೆಗಳ ಹೆಣ್ಣುಮಕ್ಕಳ ಹಕ್ಕನ್ನು ಈ ಒಂದು ಮಾತು ಮುಚ್ಚಿಹಾಕಿದೆಯೋ! ತಂದೆಯ ಸ್ವಯಾರ್ಜಿತವಾಗಿದ್ದು ವಿಲ್ ಇಲ್ಲದಿದ್ದರೆ 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳು ವಾರಸುದಾರಳು. ಪಿತ್ರಾರ್ಜಿತವಾದರೆ ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಅಕ್ಕ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ ನೋಂದಣಿ ಮಾಡಿಸಿಕೊಡದ ಹೊರತು ಅರಿಶಿನ ಕುಂಕುಮ ಅರಿಶಿನ ಕುಂಕುಮವೇ. ಇದು ಕೊಳ್ಳುವವರ ಸುರಕ್ಷತೆಯ ಮಾತಷ್ಟೇ ಅಲ್ಲ, ನ್ಯಾಯದ ಮಾತು ಎಂದೇ ನಾನು ನಂಬುತ್ತೇನೆ.

ರೇರಾ ಸಲಹೆಯ ಕಥೆ ಇನ್ನೂ ಬೇಸರದ್ದು. 2016ರ ಆ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರದ ಜಾಗಕ್ಕೆ, ಅಥವಾ ಎಂಟು ಮೀರದ ಫ್ಲ್ಯಾಟುಗಳಿಗೆ ನೋಂದಣಿ ಬೇಕಿಲ್ಲ. 40-60 ಸೈಟೆಂದರೆ 223 ಚದರ ಮೀಟರ್. ಹಾಗಾಗಿ ಈ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಏಳುತ್ತಿರುವ ಇಂಥ ಸಣ್ಣ ಕಟ್ಟಡಗಳಿಗೆ ರೇರಾ ನಂಬರ್ ಇರುವುದೇ ಇಲ್ಲ. "ನಂಬರ್ ಇಲ್ಲದಿದ್ದರೆ ಬಿಟ್ಟುಬಿಡಿ" ಎಂದವರ ಮಾತು ಕೇಳಿದರೆ ಇಲ್ಲಿ ನೋಡಲು ಹೆಚ್ಚೇನೂ ಉಳಿಯುವುದಿಲ್ಲ. "ಬೇಕಿಲ್ಲ ಬಿಡಿ" ಎಂದವರ ಮಾತು ಕೇಳಿದರೆ ಕೊಳ್ಳುವವರಿಗೆ ಆಸರೆಯೇ ಇಲ್ಲ. ರೇರಾ ಮಾಡುವ ಕೆಲಸವನ್ನು ಇಲ್ಲಿ ನಾವೇ ಮಾಡಿಕೊಳ್ಳಬೇಕು: ಮಂಜೂರಾದ ನಕ್ಷೆಯಲ್ಲಿ ಎಷ್ಟು ಅಂತಸ್ತಿದೆ, ಕಟ್ಟಿರುವುದೆಷ್ಟು, ಓಸಿ (ಸ್ವಾಧೀನಾನುಭವ ಪತ್ರ) ಬರುವ ಹಾಗಿದೆಯೇ, ಟೆರೇಸನ್ನು ಯಾರ ಹೆಸರಿಗಾದರೂ ಬರೆದಿದ್ದಾರೆಯೇ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಇದು ನಾಳೆ ನೋಡೋಣ ಎನ್ನುವ ವಿಷಯವಲ್ಲ. ಕ್ರಯಪತ್ರದಲ್ಲಿ ನಿಮ್ಮ ಪಾಲಿನ ನೆಲ ಎಷ್ಟೆಂದೂ ನೋಡಿ. 2,400 ಚದರಡಿಯನ್ನು ಎಂಟಕ್ಕೆ ಹಂಚಿದರೆ 300. ಕಟ್ಟಡ ಹಳತಾಗಿ ಬಿದ್ದ ದಿನ ಕೈಯಲ್ಲಿ ಉಳಿಯುವುದು ಅಷ್ಟೇ.

ಬಾಡಿಗೆಯ ದುಡ್ಡಲ್ಲಿ ಇಎಂಐ ಎಂಬ ಮಾತನ್ನು ಪೆನ್ನು ಹಿಡಿದು ನೋಡಿದೆವು. ಫ್ಲ್ಯಾಟಿನ ಬೆಲೆ ಒಂದೂವರೆ ಕೋಟಿ. 75 ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕು ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಡುವಂತಿಲ್ಲ, ಅಂದರೆ 37.5 ಲಕ್ಷ ನಮ್ಮದು. ಮುದ್ರಾಂಕ, ಸೆಸ್ಸು, 2025ರ ಆಗಸ್ಟ್ 31ರಿಂದ ಎರಡು ಪರ್ಸೆಂಟಾದ ನೋಂದಣಿ ಶುಲ್ಕ ಎಲ್ಲ ಸೇರಿ 7.6 ಪರ್ಸೆಂಟು, 11.4 ಲಕ್ಷ. ಒಂದು ಪಾತ್ರೆ ಒಳಗಿಡುವ ಮೊದಲೇ ಕೈಯಿಂದ ಸುಮಾರು 49 ಲಕ್ಷ. ಉಳಿದ 1.125 ಕೋಟಿಗೆ 8.5ರ ಬಡ್ಡಿ, 20 ವರ್ಷ ಎಂದರೆ ತಿಂಗಳಿಗೆ 97,600 ರೂಪಾಯಿ. ನಾವು ಚಾಮರಾಜಪೇಟೆಯಲ್ಲಿ ಕಟ್ಟುತ್ತಿದ್ದ ಬಾಡಿಗೆ 34,000. ಇಲ್ಲಿ ಮನೆ ಕೊಳ್ಳಲು ಒಳ್ಳೆಯ ಕಾರಣಗಳಿವೆ. ನಮ್ಮಮ್ಮ ನಡೆದುಕೊಂಡೇ ದೇವಸ್ಥಾನಕ್ಕೂ ಡಾಕ್ಟರ ಹತ್ತಿರಕ್ಕೂ ಹೋಗಿಬರಬಹುದು ಎಂಬುದೇ ಒಂದು. ಬಾಡಿಗೆ ಉಳಿಯುತ್ತದೆ ಎಂಬುದು ಆ ಕಾರಣಗಳಲ್ಲಿ ಒಂದಲ್ಲ. "ಸ್ವಲ್ಪ ಕ್ಯಾಶಲ್ಲಿ ಕೊಡಿ, ರಿಜಿಸ್ಟ್ರೇಷನ್ ಉಳಿಯತ್ತೆ" ಎಂಬ ಸಲಹೆಯೂ ಬಂತು. ಅದು ಅಪರಾಧ. ಜೊತೆಗೆ, ವ್ಯವಹಾರ ಮುರಿದುಬಿದ್ದರೆ ಕಾಗದದಲ್ಲಿಲ್ಲದ ಹಣವನ್ನು ಯಾವ ಕೋರ್ಟಿನಲ್ಲಿ ಕೇಳುವುದು?

ವಂಶವೃಕ್ಷದಲ್ಲಿದ್ದ ಆ ಅಕ್ಕನನ್ನು ನೋಡಲು ಮಲ್ಲೇಶ್ವರಕ್ಕೆ ಹೋದದ್ದು ಒಂದು ಭಾನುವಾರ. ಮಾರ್ಗೋಸಾ ರಸ್ತೆಯ ಹತ್ತಿರ ಮಗಳ ಮನೆಯಲ್ಲಿದ್ದರು, ಎಂಬತ್ತರ ಆಸುಪಾಸು. "ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲಪ್ಪ" ಎಂದರು, ಸಿಟ್ಟಿಲ್ಲದೆ. ಅವರ ತಂದೆ 1961ರಲ್ಲಿ ಬರೆಸಿಕೊಂಡ ಕ್ರಯಪತ್ರದ ನಕಲು ನಮ್ಮ ಹತ್ತಿರ ಇತ್ತು. ಕಣ್ಣು ಸರಿಯಾಗಿ ಕಾಣದು, ಚಕ್ಕುಬಂದಿ ಓದಿ ಹೇಳು ಎಂದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ, ದಕ್ಷಿಣಕ್ಕೆ ಪಕ್ಕದವರ ಮನೆ. ಆಮೇಲೆ ಒಂದು ಸಾಲು, ದಕ್ಷಿಣದ ಕಾಂಪೌಂಡಿಗೆ ತಗುಲಿದ ಬಾವಿಯಲ್ಲಿ ಅರ್ಧ ಹಕ್ಕು. ಅದನ್ನು ನಾನು ಹತ್ತು ಸಲ ಓದಿದ್ದೆ, ವಕೀಲರೂ ಓದಿದ್ದರು. ಅಜ್ಜಿ ಕೇಳಿದರು: "ಬಾವಿ ಏನು ಮಾಡಿದ್ರು?"

ತಮ್ಮಂದಿರಿಗೂ ಮೇಸ್ತ್ರಿಗೂ ಕೇಳಿದೆವು. ಹಳೇ ಮನೆಯ ಇಟ್ಟಿಗೆ, ಹೆಂಚಿನ ಚೂರುಗಳನ್ನೇ ಸುರಿದು ಮುಚ್ಚಿದ್ದರು. ನಮಗೆ ಗೊತ್ತಿದ್ದ ಒಬ್ಬ ಎಂಜಿನಿಯರು ಟೇಪು ಹಿಡಿದು ಬಂದರು. ಅಡುಗೆಮನೆಯ ಹಿಂಬಾಗಿಲಿನಿಂದ ಏಳು ಹೆಜ್ಜೆ ಎಂದು ಅಜ್ಜಿ ಹೇಳಿದ್ದನ್ನು ಹಳೇ ನಕ್ಷೆಯ ಮೇಲೆ ಇಟ್ಟು ಅಳೆದರೆ ಅದು ದಕ್ಷಿಣದ ಸಾಲಿನ ಮೂರನೇ ಪಿಲ್ಲರಿನ ಬುಡಕ್ಕೆ ಬಂತು. ಆ ಪಿಲ್ಲರಿನ ಪಾಯದ ಡ್ರಾಯಿಂಗು, ಮಣ್ಣಿನ ಪರೀಕ್ಷೆಯ ವರದಿ, ಅಕ್ಕನ ಖುಲಾಸೆ ಪತ್ರ, ಈ ಮೂರೂ ಬರುವವರೆಗೆ ಮುಂಗಡ ಕೊಡುವುದಿಲ್ಲ ಎಂದು ಬಿಲ್ಡರಿಗೆ ಬರೆದು ಕೊಟ್ಟೆವು. ಪಾಲು ಸಂದ ಮೇಲೆ ಅಜ್ಜಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹೆಬ್ಬೆಟ್ಟು ಕೊಟ್ಟರು. ಡ್ರಾಯಿಂಗು ಇನ್ನೂ ಬಂದಿಲ್ಲ.